ಇಲ್ಲದ ಕ್ಯಾನ್ಸರನ್ನು ಗೆದ್ದವಳು

ನನ್ನ ಎಡಗಡೆಯ ಶ್ವಾಸಕೋಶದ ಮೇಲಿನ ಭಾಗವನ್ನು ಅವರು ಕೊಯ್ದು ತೆಗೆದರು. ಅದರಲ್ಲಿ ಕ್ಯಾನ್ಸರ್ ಇರಲಿಲ್ಲ. ಇಲ್ಲವೆಂದು ಬರೆದ ಕಾಗದ ಕೊಯ್ಯುವ ಮೊದಲೇ ಅವರ ಕೈಯಲ್ಲಿತ್ತು. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಕಾಯಿಸಿ ಹೇಳುವ ತಾಳ್ಮೆ ನನಗಿಲ್ಲ. ಅಷ್ಟು ಉಸಿರೂ ಇಲ್ಲ.

ಆ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ಕಸ ಗುಡಿಸಿದೆ. ವಾರ್ಡಿನ ವಾಂತಿ ಬಳಿದೆ. ಆಪರೇಷನ್ ಕೋಣೆಯಿಂದ ರಕ್ತ ಸೋರುವ ಬಟ್ಟೆಗಳನ್ನು ಹೊತ್ತೆ. ಸತ್ತವರ ಹಾಸಿಗೆ ಆರುವ ಮೊದಲೇ ಉಜ್ಜಿ ತೊಳೆದು ಇನ್ನೊಬ್ಬರಿಗೆ ಅಣಿ ಮಾಡಿದೆ. ನಮ್ಮನ್ನು ಕರೆಯಲು ಸೂಪರ್‌ವೈಸರ್ ಶಿಳ್ಳೆ ಹಾಕುತ್ತಿದ್ದ. ಒಂದು ಶಿಳ್ಳೆ ಹಾಕಿದರೆ ನೆಲ ಒರೆಸುವವರು ಓಡಬೇಕು, ಎರಡು ಹಾಕಿದರೆ ಕಕ್ಕಸು ತೊಳೆಯುವವರು. ನಮ್ಮ ಹೆಸರು ಅವನಿಗೆ ಬೇಕಿರಲಿಲ್ಲ. ನಾವೂ ಅವನನ್ನು ಶಿಳ್ಳೆ ಎಂದೇ ಕರೆದೆವು. ಎದುರಿಗಲ್ಲ, ಬೆನ್ನ ಹಿಂದೆ. ಆಗ ನಮಗೆ ಅಷ್ಟೇ ಧೈರ್ಯ.

ಆಸ್ಪತ್ರೆಯ ಹಳೆಯ ಕಟ್ಟಡಕ್ಕೆ ಮರದ ಮಾಡು. ಮಾಡಿನ ಕೆಳಗೆ ಅಟ್ಟ. ಐವತ್ತು ವರ್ಷ ಅದರ ಬಾಗಿಲು ತೆಗೆದಿರಲಿಲ್ಲವಂತೆ. ಒಳಗೆ ಬಾವಲಿಗಳ ಸಂಸಾರ. ಹೊಸ ಎಸಿ ಪೈಪು ಎಳೆಯಬೇಕು, ಅಟ್ಟ ಖಾಲಿ ಮಾಡಿ ಎಂದು ಮ್ಯಾನೇಜರ್ ಹೇಳಿದ. ಪೈಪಿನ ಕಂಪನಿಯ ಹುಡುಗರು ಏಣಿ ಹತ್ತಿ ಒಮ್ಮೆ ತಲೆ ಹಾಕಿ ನೋಡಿದರು. ಮೂಗು ಮುಚ್ಚಿಕೊಂಡು ಇಳಿದರು. ಆಮೇಲೆ ಶಿಳ್ಳೆ ಕೇಳಿಸಿತು.

ನಾವು ನಾಲ್ಕು ಜನ ಹೆಂಗಸರು ಹತ್ತಿದೆವು. ಮೊಣಕಾಲುದ್ದ ಹಿಕ್ಕೆ. ಒಣಗಿ ಹುಡಿಯಾಗಿತ್ತು. ಪೊರಕೆ ತಾಗಿದರೆ ಸಾಕು, ಮೋಡದ ಹಾಗೆ ಎದ್ದು ಮುಖಕ್ಕೆ ಬಡಿಯುತ್ತಿತ್ತು. ಪಕ್ಕದಲ್ಲಿ ನಿಂತವಳ ಮುಖ ಕಾಣುತ್ತಿರಲಿಲ್ಲ. ಬಾಯಿ ಮೂಗಿಗೆ ಹಳೇ ಬಟ್ಟೆ ಕಟ್ಟಿಕೊಂಡಿದ್ದೆವು. ಸಂಜೆ ಬಿಚ್ಚಿದರೆ ಬಟ್ಟೆಯ ಹೊರಗೆ ಎಷ್ಟಿತ್ತೋ ಒಳಗೂ ಅಷ್ಟೇ. ಉಗುಳಿದರೆ ಕಪ್ಪು, ಸೀನಿದರೆ ಕಪ್ಪು. ಮೂರು ವಾರ ಮಂಕರಿಗಳಲ್ಲಿ ಹೊತ್ತು ಇಳಿಸಿದೆವು.

“ಮಾಸ್ಕ್ ಕೊಡಿ ಸಾರ್” ಅಂತ ಗಿಡ್ಡಿ ಕೇಳಿದಳು. ಗಿಡ್ಡಿ ನನಗಿಂತ ಹತ್ತು ವರ್ಷ ಚಿಕ್ಕವಳು, ನನ್ನ ಭುಜದಷ್ಟು ಎತ್ತರ, ಬಾಯಿ ಮಾತ್ರ ಆಕಾಶದಷ್ಟು.

“ಬಾವಲಿ ಹಿಕ್ಕೆಗೆ ಮಾಸ್ಕಾ? ನೀನೇನು ಆಪರೇಷನ್ ಮಾಡಕ್ಕೆ ಹೊರಟಿದೀಯಾ?” ಅಂದ ಶಿಳ್ಳೆ. ಪೈಪಿನ ಹುಡುಗರು ನಕ್ಕರು. ನಾವೂ ನಕ್ಕೆವು. ಆ ನಗು ನೆನೆಸಿಕೊಂಡರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಕೆಲಸ ಮುಗಿದ ವಾರಕ್ಕೆ ನಾಲ್ವರಿಗೂ ಜ್ವರ. ಮೈಕೈ ನೋವು, ಎದೆ ಹಿಡಿತ, ಒಣಕೆಮ್ಮು. ಮೂವರಿಗೆ ಬಿಟ್ಟಿತು. ನನಗೆ ಕೆಮ್ಮು ಅಂಟಿಕೊಂಡಿತು. ಏಳು ತಿಂಗಳಿಗೆ ಮೈ ಇಳಿದು ಹೋಯಿತು. ವಾರ್ಡಿನ ನರ್ಸೊಬ್ಬಳು ತಡೆಯಲಾರದೆ ಎಕ್ಸ್‌ರೇಗೆ ಕರೆದುಕೊಂಡು ಹೋದಳು. ಎಡಗಡೆ ಎದೆಯೊಳಗೆ ನೆಲ್ಲಿಕಾಯಿ ಗಾತ್ರದ ಬಿಳಿ ಗಂಟು. ಸ್ಕ್ಯಾನ್ ಮಾಡಿದರು. ಸೂಜಿ ಹಾಕಿ ಚೂರು ತೆಗೆದರು. ಆಮೇಲೆ ದೊಡ್ಡ ಡಾಕ್ಟರು ಕರೆಸಿದರು.

ಅವರ ಕೋಣೆಯ ನೆಲ ನಾನೇ ದಿನಾ ಒರೆಸುತ್ತಿದ್ದೆ. ಅವತ್ತು ಮೊದಲ ಸಲ ಅಲ್ಲಿನ ಕುರ್ಚಿಯಲ್ಲಿ ಕೂತೆ. ತುದಿಯಲ್ಲಿ.

“ನಿನ್ ಗಂಡ ಸಿಗರೇಟ್ ಸೇದ್ತಾನಾ?”

“ಹೂಂ ಸಾರ್. ದಿನಕ್ಕೆ ನಾಲ್ಕೈದು.”

“ನೋಡು ಮತ್ತೆ. ಅವನು ಸೇದ್ತಾನೆ, ನೀನು ಕುಡೀತೀಯ ಹೊಗೆ. ಕ್ಯಾನ್ಸರ್ ಆಗಿದೆ ಕಣಮ್ಮ.”

ಏನು ಕೆಲಸ ಮಾಡುತ್ತೀ ಎಂದು ಕೇಳಲಿಲ್ಲ. ಯಾವ ಧೂಳು ಕುಡಿದೆ ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ. ಹಿಕ್ಕೆಯ ಧೂಳು ಎದೆಯೊಳಗೆ ಗಂಟಾಗುತ್ತದೆಂದು ಗುಡಿಸುವವಳಿಗೆ ಯಾರು ಹೇಳಿಕೊಟ್ಟಿದ್ದರು?

“ಎಷ್ಟು ದಿನ ಸಾರ್?”

“ಹಂಗೇ ಬಿಟ್ರೆ ಆರು ತಿಂಗಳು. ಹೊಸ ಯಂತ್ರ ಬಂದಿದೆ. ಸಣ್ಣ ತೂತು ಮಾಡಿ ತೆಗೀತೀನಿ. ನಮ್ಮವಳೇ ಅಂತ ಪುಕ್ಕಟೆ ಮಾಡ್ತಿದೀವಿ. ನೀನೇ ಮೊದಲ್ನೇಯವಳು. ಅದೃಷ್ಟವಂತೆ.”

ನಾನು ಅವರ ಕಾಲು ಮುಟ್ಟಿದೆ. ಹೌದು, ಮುಟ್ಟಿದೆ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವನದು ಸೈಕಲ್ ರಿಪೇರಿ ಅಂಗಡಿ, ಮಾತು ಕಮ್ಮಿ. “ನನ್ ಹೊಗೆಯಿಂದಾನಾ?” ಅಂದ. ಅಲ್ಲ ಎಂದು ಒಂದು ಮಾತು ಹೇಳಬಹುದಿತ್ತು. ಆದರೆ ಆಗ ನನಗೂ ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಬೇಕಿತ್ತು. ಅವನು ಜೇಬಿನ ಪ್ಯಾಕೆಟ್ಟು ತೆಗೆದು ಒಲೆಗೆ ಹಾಕಿದ. ಹಾಸಿಗೆ ಸುತ್ತಿಕೊಂಡು ಜಗಲಿಗೆ ಹೋದ. ಅವತ್ತಿನಿಂದ ಒಳಗೆ ಮಲಗಲಿಲ್ಲ. ನನ್ನ ಎದುರು ತಲೆ ಎತ್ತಿ ಊಟ ಮಾಡಲಿಲ್ಲ. ಹೆಂಡತಿಯನ್ನು ಕೊಂದವನು ತಾನೇ ಎಂದು ನಂಬಿಕೊಂಡು ಎರಡೂವರೆ ವರ್ಷ ಬದುಕಿದ.

ನಮಗೆ ಒಬ್ಬಳೇ ಮಗಳು. ಲ್ಯಾಬಿನ ಕೋರ್ಸು ಓದುತ್ತಿದ್ದಳು. ರಕ್ತ ಪರೀಕ್ಷೆ, ಕಫ ಪರೀಕ್ಷೆ, ಸೂಕ್ಷ್ಮದರ್ಶಕ ಹಿಡಿದು ನೋಡುವುದು. ಮುಗಿಯಲು ಆರು ತಿಂಗಳಿತ್ತು. ನಮ್ಮ ಬೀದಿಯಲ್ಲಿ ಬಿಳಿ ಕೋಟು ಹಾಕಿದವಳು ಅವಳೊಬ್ಬಳೇ. ಭಾನುವಾರ ಆ ಕೋಟನ್ನು ಒಗೆದು ಎಲ್ಲರಿಗೂ ಕಾಣುವ ಹಾಗೆ ಬೀದಿಗೇ ಒಣಹಾಕುತ್ತಿದ್ದೆ.

ಅವಳಿಗೂ ಆರು ತಿಂಗಳು, ನನಗೂ ಆರು ತಿಂಗಳು. ನಾನು ಸತ್ತರೆ ಇವಳ ಗತಿ ಏನು? ನೆಂಟರು ಬಂದು ಅದನ್ನೇ ಕೇಳಿದರು. ಕಣ್ಣು ಮುಚ್ಚುವ ಮೊದಲು ಒಂದು ದಾರಿ ಮಾಡಿಬಿಡು ಅಂದರು. ಮೊದಲು ಬಂದವನು ಒಬ್ಬ ಗ್ಯಾರೇಜಿನವನು. ಒಂಬತ್ತು ಜನರ ಮನೆ. ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು.

“ಅಮ್ಮ, ಪರೀಕ್ಷೆ ಆಗ್ಲಿ. ಆಮೇಲೆ ಯಾರನ್ ತೋರಿಸಿದ್ರೂ ಆಗ್ತೀನಿ.”

“ಅಷ್ಟು ದಿನ ನಾನಿರ್ತೀನಾ?”

ಹನ್ನೆರಡು ದಿನದಲ್ಲಿ ಮದುವೆ. ಓದಿಸುತ್ತೇವೆ ಅಂದಿದ್ದರು ಆ ಮನೆಯವರು. ಮುಂದಿನ ವರ್ಷ ನೋಡೋಣ ಅಂದರು. ಆಮೇಲೆ ಬಸಿರಾದಳು. ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ. ಅಳಿಯ ಕುಡುಕನಲ್ಲ, ಹೊಡೆಯುವವನೂ ಅಲ್ಲ. ಆದರೆ ಸೂಕ್ಷ್ಮದರ್ಶಕ ಹಿಡಿಯಬೇಕಾದ ನನ್ನ ಮಗಳು ಒಂಬತ್ತು ಜನರ ಎಂಜಲು ತಟ್ಟೆ ಹಿಡಿದಳು. ಕೈಯಾರೆ ಹಿಡಿಸಿದವಳು ನಾನು.

ಮದುವೆಯಾದ ಮೂರನೇ ದಿನಕ್ಕೆ ನನ್ನನ್ನು ಕೊಯ್ದರು. ಸಣ್ಣ ತೂತು ಎಂದಿದ್ದರು. ಯಂತ್ರ ನಡುವೆ ಕೈ ಕೊಟ್ಟಿತಂತೆ. ಕಂಕುಳಿನಿಂದ ಬೆನ್ನಿನ ತನಕ ಸೀಳಿದರು. ಪಕ್ಕೆಲುಬೊಂದು ಮುರಿಯಿತು. ನಾಲ್ಕು ತಿಂಗಳು ಎಡಗೈ ಎತ್ತಲಾಗಲಿಲ್ಲ, ತಲೆ ಬಾಚಿಕೊಳ್ಳಲಾಗಲಿಲ್ಲ. ಈಗಲೂ ಎಂಟು ಮೆಟ್ಟಿಲಿಗೆ ಒಮ್ಮೆ ನಿಲ್ಲಬೇಕು. ಕೆಮ್ಮಿದರೆ ಗಾಯದ ಜಾಗ ಯಾರೋ ಹಿಂಡಿದ ಹಾಗಾಗುತ್ತದೆ.

ಆದರೆ ಸಾಯಲಿಲ್ಲ. ಆರು ತಿಂಗಳು ಕಳೆಯಿತು, ವರ್ಷ ಕಳೆಯಿತು. ಆಸ್ಪತ್ರೆಯವರು ನನ್ನ ಫೋಟೋ ತೆಗೆದು ಬಾಗಿಲ ಬಳಿ ಆಳೆತ್ತರದ ಬೋರ್ಡು ಹಾಕಿದರು. ಪಕ್ಕದಲ್ಲಿ ದೊಡ್ಡ ಡಾಕ್ಟರು ಕೈ ಕಟ್ಟಿ ನಿಂತ ಫೋಟೋ. ‘ಕ್ಯಾನ್ಸರ್ ಗೆದ್ದ ನಮ್ಮ ತಾಯಿ.’ ದಿನಾ ಬೆಳಗ್ಗೆ ನನ್ನ ಮುಖದ ಧೂಳನ್ನು ನಾನೇ ಒರೆಸುತ್ತಿದ್ದೆ. ರೋಗಿಗಳ ಮನೆಯವರು ನನ್ನನ್ನು ಗುರುತು ಹಿಡಿದು ಮೈ ಮುಟ್ಟಿ ನೋಡುತ್ತಿದ್ದರು. “ಇವರು ದೇವರು” ಎಂದು ನಾನು ದೊಡ್ಡ ಡಾಕ್ಟರ ಕೋಣೆಯ ಕಡೆ ಕೈ ತೋರಿಸುತ್ತಿದ್ದೆ. ನನ್ನ ಮಾತು ಕೇಳಿ ಎಷ್ಟು ಜನ ಆ ಮೇಜಿನ ಮೇಲೆ ಮಲಗಿದರೋ.

ಅಟ್ಟ ಗುಡಿಸುವ ಕೆಲಸ ವರ್ಷಕ್ಕೊಮ್ಮೆ ಬಂತು. ಅದು ಗಿಡ್ಡಿಯ ಪಾಲಿಗೆ ಬಿತ್ತು. ಅವಳ ತಲೆ ತೊಲೆಗೆ ತಾಗುವುದಿಲ್ಲವೆಂದು ಶಿಳ್ಳೆಯ ಲೆಕ್ಕ. ಮೂರನೇ ವರ್ಷ ಅವಳೂ ಕೆಮ್ಮತೊಡಗಿದಳು. ಎಕ್ಸ್‌ರೇ, ಸ್ಕ್ಯಾನ್. ಒಂದು ಶುಕ್ರವಾರ ಬಟ್ಟೆ ಬದಲಿಸುವ ಕೋಣೆಯಲ್ಲಿ ನೆಲದ ಮೇಲೆ ಕೂತಿದ್ದಳು.

“ಅಕ್ಕ, ನಂಗೂ ಅದೇ ಅಂತೆ. ಬರೋ ಗುರುವಾರ ಕೊಯ್ತಾರಂತೆ.”

“ನಿನ್ ಗಂಡ ಸೇದ್ತಾನಾ ಅಂತ ಕೇಳಿದ್ರಾ?”

“ಕೇಳಿದ್ರು. ನಂಗೆ ಗಂಡನೇ ಇಲ್ಲ ಸಾರ್, ಓಡಿಹೋಗಿ ಆರು ವರ್ಷ ಆಯ್ತು ಅಂದೆ. ಹಂಗಾದ್ರೆ ಅಕ್ಕಪಕ್ಕದವರದ್ದು ಇರ್ಬೇಕು ಅಂದ್ರು.”

ಅವಳು ನಕ್ಕಳು. ನಗುತ್ತಲೇ ಕೆಮ್ಮಿದಳು. ಆ ಕೆಮ್ಮು ನನಗೆ ಗೊತ್ತಿತ್ತು. ನನ್ನದೇ ಕೆಮ್ಮು. ಎಡಗಡೆ ಕೈಯಿಟ್ಟು ಮುಂದಕ್ಕೆ ಬಾಗಿ ಕೆಮ್ಮುವ ಕೆಮ್ಮು. ಅವಳ ಮನೆಯಲ್ಲಿ ಸೇದುವವರಿಲ್ಲ. ನಮ್ಮಿಬ್ಬರಿಗೂ ಸಮನಾಗಿದ್ದದ್ದು ಒಂದೇ. ಅಟ್ಟ.

ಫೈಲುಗಳ ಕೋಣೆಯ ಗುಮಾಸ್ತನ ಬಳಿ ಹೋಗಿ ನನ್ನ ಫೈಲು ಕೇಳಿದೆ. “ನಿಂಗ್ಯಾಕೆ? ಓದಕ್ಕೆ ಬರುತ್ತಾ?” ಅಂದ. ಬರುತ್ತೆ ಅಂದೆ. “ಇಂಗ್ಲಿಷ್?” ಅಂದ. ಸುಮ್ಮನೆ ಬಂದೆ. ಆದರೆ ಆ ಕೋಣೆ ಗುಡಿಸುವವಳು ನಾನು. ಬೀಗದ ಕೈ ಬೆಳಗ್ಗೆ ಆರೂವರೆಗೆ ನನ್ನ ಸೊಂಟದಲ್ಲಿರುತ್ತದೆ. ಮಾರನೇ ದಿನ ನನ್ನ ಫೈಲನ್ನು ಕಸದ ಚೀಲದೊಳಗೆ ಹಾಕಿಕೊಂಡು ಹೊರಗೆ ತಂದೆ. ಕದ್ದೆಯಾ ಎಂದು ಆಮೇಲೆ ಪೊಲೀಸರು ಕೇಳಿದರು. ಕದ್ದೆ ಅಂದೆ. ನನ್ನ ಶ್ವಾಸಕೋಶ ತೆಗೆದುಕೊಂಡವರಿಂದ ನಾಲ್ಕು ಕಾಗದ ಕದ್ದೆ.

ಮಗಳನ್ನು ಕರೆಸಿದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಬಂದಳು. ನನ್ನ ಅಡುಗೆಮನೆಯ ನೆಲದ ಮೇಲೆ ಕಾಗದಗಳನ್ನು ಹರಡಿ ಕೂತಳು. ಒಂದನ್ನು ಓದಿದಳು. ಮತ್ತೊಮ್ಮೆ ಓದಿದಳು. ಕೂಸು ಕಾಗದ ಎಳೆಯಲು ಬಂತು, ಅದರ ಕೈ ಹಿಡಿದುಕೊಂಡೇ ಓದಿದಳು.

“ಅಮ್ಮ, ಇದು ಸೂಜಿ ಹಾಕಿ ತೆಗೆದದ್ದರ ರಿಪೋರ್ಟು. ಕ್ಯಾನ್ಸರ್ ಕಣ ಕಂಡಿಲ್ಲ ಅಂತಿದೆ. ಟಿಬಿ ಇದ್ಯಾ, ಶಿಲೀಂಧ್ರ ಇದ್ಯಾ ಪರೀಕ್ಷೆ ಮಾಡಿ ಅಂತ ಬರೆದಿದಾರೆ. ತಾರೀಕು ನೋಡು.”

ಆಪರೇಷನ್ನಿಗೆ ಹದಿನಾರು ದಿನ ಮೊದಲಿನ ತಾರೀಕು. ಅವಳ ಮದುವೆಗೆ ಹದಿಮೂರು ದಿನ ಮೊದಲು.

“ಶಿಲೀಂಧ್ರ ಅಂದ್ರೆ?”

“ಬೂಷ್ಟು ಅನ್ಕೋ. ಬಾವಲಿ ಹಿಕ್ಕೆಯಲ್ಲಿ ಬೆಳೆಯುತ್ತೆ. ಧೂಳಿನ ಜೊತೆ ಒಳಗೆ ಹೋಗಿ ಗಂಟು ಕಟ್ಟುತ್ತೆ. ಸ್ಕ್ಯಾನಲ್ಲಿ ಕ್ಯಾನ್ಸರ್ ಥರಾನೇ ಕಾಣುತ್ತೆ. ನಮಗೆ ಕಡೇ ಪಾಠದಲ್ಲಿತ್ತು.” ಅವಳು ಇನ್ನೊಂದು ಕಾಗದ ಎತ್ತಿದಳು. “ಇದು ಕೊಯ್ದು ತೆಗೆದ ಮೇಲಿನದ್ದು. ಕ್ಯಾನ್ಸರ್ ಇಲ್ಲ. ಅದೇ ಬೂಷ್ಟಿನ ಗಂಟು. ಕೆಲವರಿಗೆ ಏನೂ ಮಾಡ್ಬೇಕಾಗಿಲ್ಲ ಅಮ್ಮ. ಕೆಲವರಿಗೆ ಮಾತ್ರೆ ಸಾಕು.”

ಮಾತ್ರೆ ಸಾಕು.

ಕೊನೆಯ ಕಾಗದಕ್ಕೆ ಒಂದು ಚೀಟಿ ಪಿನ್ನು ಮಾಡಿತ್ತು. ಹಸಿರು ಇಂಕು. ದೊಡ್ಡ ಡಾಕ್ಟರು ಹಸಿರು ಇಂಕಿನಲ್ಲೇ ಬರೆಯುತ್ತಿದ್ದರು. ಮಗಳು ನಿಧಾನವಾಗಿ ಕನ್ನಡದಲ್ಲಿ ಹೇಳಿದಳು: ‘ರೋಗಿಗೆ ವಿವರ ತಿಳಿಸುವ ಅಗತ್ಯವಿಲ್ಲ. ಅಟ್ಟದ ವಿಷಯ ಆಡಳಿತದೊಂದಿಗೆ ಮಾತ್ರ.’

ಅಂದರೆ ಅಟ್ಟ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಗಿಡ್ಡಿಯನ್ನು ಮತ್ತೆ ಮತ್ತೆ ಹತ್ತಿಸಿದ್ದರು.

ಮಗಳು ಅಳಲಿಲ್ಲ. ಕಾಗದಗಳನ್ನು ತಾರೀಕಿನ ಪ್ರಕಾರ ಜೋಡಿಸಿದಳು. ಜೋಡಿಸುತ್ತಾ ಹೇಳಿದಳು: “ಪರೀಕ್ಷೆ ಬರೀಬಹುದಿತ್ತು ನಾನು.” ಬೈಯುವ ಹಾಗೂ ಹೇಳಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಗಂಡ ಅಂಗಡಿಯಿಂದ ಬಂದಾಗ ಬಾಗಿಲಲ್ಲೇ ನಿಲ್ಲಿಸಿ ಹೇಳಿದೆವು. ಕೈಯಲ್ಲಿ ಗ್ರೀಸು ಇತ್ತು. “ನನ್ನಿಂದ ಅಲ್ವಾ?” ಅಂದ. ಅಲ್ಲ ಅಂದೆ. “ಹೊಗೆಯಿಂದ ಅಲ್ವಾ?” ಅಂದ. ಅಲ್ಲ ಕಣೋ, ಅಲ್ಲ ಅಂದೆ. ಅವನು ಬಚ್ಚಲಿಗೆ ಹೋಗಿ ಕೈ ತೊಳೆಯತೊಡಗಿದ. ಗ್ರೀಸು ಹೋದ ಮೇಲೂ ತುಂಬಾ ಹೊತ್ತು ತೊಳೆದ. ಬಂದು ಜಗಲಿಯ ಹಾಸಿಗೆ ಸುತ್ತಿ ಒಳಗೆ ತಂದ.

ಆ ಕ್ಷಣ ನನ್ನೊಳಗೆ ಏನೋ ಗಟ್ಟಿಯಾಯಿತು. ಅದನ್ನು ಯಾವ ಯಂತ್ರವೂ ಕೊಯ್ಯಲಾರದು.

ಬುಧವಾರ ಆಸ್ಪತ್ರೆಯಲ್ಲಿ ಸಮಾರಂಭವಿತ್ತು. ಹೊಸ ಯಂತ್ರದಲ್ಲಿ ನೂರು ಆಪರೇಷನ್ ಮುಗಿದ ಸಂಭ್ರಮ. ನೂರರಲ್ಲಿ ಮೊದಲನೆಯವಳಾದ ನಾನು ವೇದಿಕೆ ಮೇಲೆ ನಾಲ್ಕು ಮಾತಾಡಬೇಕು. ಮ್ಯಾನೇಜರ್ ಬರೆದುಕೊಟ್ಟಿದ್ದ. ‘ನನಗೆ ಎರಡನೇ ಜನ್ಮ ಕೊಟ್ಟ ಡಾಕ್ಟರ್ ಸಾಹೇಬರಿಗೆ ನಾನು ಚಿರಋಣಿ.’ ಮಂಗಳವಾರ ಅವನ ಕೋಣೆಯಲ್ಲಿ ನಿಲ್ಲಿಸಿ ಆರು ಸಲ ಹೇಳಿಸಿದ. “ಚಿರಋಣಿ ಅನ್ನುವಾಗ ಕೈ ಮುಗೀಬೇಕು. ಕಣ್ಣಲ್ಲಿ ನೀರು ಬಂದ್ರೆ ಒರೆಸ್ಕೋಬೇಡ, ಫೋಟೋಗೆ ಚೆನ್ನಾಗಿರುತ್ತೆ” ಅಂದ. ಹೂಂ ಸಾರ್ ಅಂದೆ. ಆರು ಸಲವೂ ಕೈ ಮುಗಿದೆ.

ಅಲ್ಲಿಂದ ದೊಡ್ಡ ಡಾಕ್ಟರ ಕೋಣೆಗೆ ನೆಲ ಒರೆಸಲು ಹೋದೆ. ಅವರಿಗೆ ಒಂದು ಅವಕಾಶ ಕೊಟ್ಟೆ. ಯಾಕೆ ಕೊಟ್ಟೆನೋ ಗೊತ್ತಿಲ್ಲ.

“ಸಾರ್, ನಂದು ಕ್ಯಾನ್ಸರೇ ತಾನೆ?”

ಅವರು ಫೋನಿನಿಂದ ಕಣ್ಣು ಎತ್ತಲಿಲ್ಲ. “ಮತ್ತಿನ್ನೇನು? ಅದೂ ಎಂಥದ್ದು! ನಾನಾಗಿದ್ದಕ್ಕೆ ಉಳಿದೆ. ಮೇಜಿನ ಕೆಳಗೂ ಒರೆಸು.”

ಒರೆಸಿದೆ. ಅವರು ಕಾಲು ಎತ್ತಿ ಹಿಡಿದುಕೊಂಡರು. ಅವರ ಬೂಟಿನ ಅಡಿಯಲ್ಲಿ ಒದ್ದೆ ಬಟ್ಟೆ ಎಳೆಯುತ್ತಾ, ನಾಳೆ ನೋಡು ಅಂದುಕೊಂಡೆ.

ಗಿಡ್ಡಿಗೆ ಎಲ್ಲ ಹೇಳಿದ್ದೆ. ಅವಳು ಹೆದರಿದ್ದಳು. “ಅಕ್ಕ, ನಿಂದು ಅಲ್ಲ ಸರಿ. ನಂದು ನಿಜವಾಗ್ಲೂ ಅದೇ ಆಗಿದ್ರೆ?” ಅಂದಳು. ಅದು ಕೇಳಬೇಕಾದ ಪ್ರಶ್ನೆಯೇ. “ಆಗಿದ್ರೆ ಬೇರೆ ಕಡೆ ತೋರಿಸಿ, ಅವರು ಹೌದಂದ್ರೆ ಕೊಯ್ಸೋಣ. ಇವನ ಕೈಗೆ ಮಾತ್ರ ನಿನ್ನ ಕೊಡಲ್ಲ” ಅಂದೆ. ಅವಳು ಸ್ವಲ್ಪ ಹೊತ್ತು ಉಗುರು ಕಚ್ಚಿದಳು. “ಏನ್ ಮಾಡ್ಬೇಕು ಹೇಳು” ಅಂದಳು. ಮುಚ್ಚಳ ಇರುವ ಒಂದು ಬಕೆಟ್ಟು ತಂದು ವೇದಿಕೆಯ ಪಕ್ಕ ನಿಲ್ಲು ಅಂದೆ.

ಬುಧವಾರ ಹನ್ನೊಂದು ಗಂಟೆ. ಮೂರನೇ ಮಹಡಿಯ ಸಭಾಂಗಣ. ಮುಂದಿನ ಸಾಲಿನಲ್ಲಿ ಡಾಕ್ಟರುಗಳು, ಅತಿಥಿಗಳು, ಪತ್ರಿಕೆಯವರು. ಹಿಂದಿನ ಸಾಲುಗಳಲ್ಲಿ ಯಂತ್ರದಲ್ಲಿ ಕೊಯ್ಸಿಕೊಂಡ ರೋಗಿಗಳು, ಅವರ ಮನೆಯವರು. ಕಡೆಯ ಗೋಡೆಗೆ ಒರಗಿ ನನ್ನ ಗಂಡ, ಮಗಳು, ಕೂಸು. ವೇದಿಕೆಗೆ ಆರು ಮೆಟ್ಟಿಲು. ಹತ್ತಿ ನಿಂತು ಉಸಿರು ತೆಗೆದುಕೊಂಡೆ. ದೊಡ್ಡ ಡಾಕ್ಟರು ಹೂಗುಚ್ಛ ಕೊಟ್ಟರು. ಮ್ಯಾನೇಜರ್ ಮೈಕು ನನ್ನ ಬಾಯಿಗೆ ಹಿಡಿದ. ಕಣ್ಣಿನಲ್ಲೇ ‘ಹೇಳು’ ಅಂದ.

“ನನ್ ಶ್ವಾಸಕೋಶ ಕೊಯ್ದ್ರು. ನಂಗೆ ಕ್ಯಾನ್ಸರ್ ಇರ್ಲಿಲ್ಲ” ಅಂದೆ.

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ. ಇಬ್ಬರು ಚಪ್ಪಾಳೆ ಕೂಡ ತಟ್ಟಿದರು.

“ಇರ್ಲಿಲ್ಲ ಅಂತ ಇವರಿಗೆ ಹದಿನಾರು ದಿನ ಮೊದ್ಲೇ ಗೊತ್ತಿತ್ತು. ಯಂತ್ರ ಬಂದಿತ್ತು, ಕೊಯ್ಯಕ್ಕೆ ಒಂದು ಮೈ ಬೇಕಿತ್ತು. ಕಸ ಗುಡಿಸೋಳ ಮೈ ಸಿಕ್ತು.”

ಮ್ಯಾನೇಜರ್ ಮೈಕು ಕಿತ್ತುಕೊಂಡ. ಹಲ್ಲು ಕಿರಿದು ಸಭೆಗೆ ಹೇಳಿದ: “ಪಾಪ, ಸ್ವಲ್ಪ ಗೊಂದಲ ಆಗಿದೆ ಅವರಿಗೆ. ಕ್ಯಾನ್ಸರ್ ಅಲ್ಲ ಅಂದ್ರೆ ಒಳ್ಳೇ ಸುದ್ದಿ ತಾನೆ? ಖುಷಿ ಪಡ್ಬೇಕು!”

ಖುಷಿ! ನನಗೆ ಕೂಗಲು ಉಸಿರಿಲ್ಲ. ಕೂಗಿದರೆ ಮೂರನೇ ಮಾತಿಗೆ ಕೆಮ್ಮು ಬರುತ್ತದೆ. ಅದು ಅವರೇ ಮಾಡಿಟ್ಟ ಬಂದೋಬಸ್ತು. ನಾನು ಗಿಡ್ಡಿಯ ಕಡೆ ಕೈ ಚಾಚಿದೆ. ಅವಳು ಬಕೆಟ್ಟು ತಂದಳು. ಅದನ್ನು ಮುಖ್ಯ ಅತಿಥಿಗಳ ಮೇಜಿನ ಮೇಲೆ, ಹೂದಾನಿಯ ಪಕ್ಕ ಇಟ್ಟೆ. ಮುಚ್ಚಳದ ಮೇಲೆ ಕೈ ಇಟ್ಟೆ.

“ಅಟ್ಟದಿಂದ ತಂದಿದೀನಿ” ಎಂದೆ. ಮೈಕು ಬೇಕಾಗಲಿಲ್ಲ. “ಮೂರು ವಾರ ನಾವು ಮೂಗಿಗೆ ಚಿಂದಿ ಕಟ್ಕೊಂಡು ಬಾಚಿದ್ದು ಇದನ್ನೇ. ನೋಡಿ.”

ಮುಚ್ಚಳ ಎತ್ತಲು ಹೋದೆ.

ದೊಡ್ಡ ಡಾಕ್ಟರು ಎದ್ದರು. ಕುರ್ಚಿ ಹಿಂದಕ್ಕೆ ಬಿತ್ತು. ಕರವಸ್ತ್ರ ಮೂಗಿಗೆ ಒತ್ತಿಕೊಂಡು ಮೆಟ್ಟಿಲಿಳಿದರು. ಮೆಟ್ಟಿಲೊಂದು ತಪ್ಪಿ ಮುಗ್ಗರಿಸಿದರು, ಆದರೂ ನಿಲ್ಲಲಿಲ್ಲ. ಅವರ ಬೆನ್ನಿಗೆ ಮ್ಯಾನೇಜರ್, ಕೋಟಿನ ತೋಳನ್ನು ಬಾಯಿಗೆ ಹಿಡಿದುಕೊಂಡು. ಓಡಿದವರು ಅವರಿಬ್ಬರೇ. ಅತಿಥಿಗಳು ಕೂತೇ ಇದ್ದರು. ಬೇರೆ ಡಾಕ್ಟರುಗಳು ಕೂತೇ ಇದ್ದರು. ಅದು ಏನೆಂದು ಗೊತ್ತಿದ್ದವರು ಮಾತ್ರ ಓಡಿದರು.

ಪತ್ರಿಕೆಯ ಹೆಂಗಸೊಬ್ಬಳು ಎದ್ದು ನಿಂತು ಓಡುವವರ ಫೋಟೋ ತೆಗೆದಳು. “ಯಾಕೆ ಓಡ್ತಿದೀರಿ ಸಾರ್?” ಎಂದು ಗಿಡ್ಡಿ ಕೂಗಿದಳು. “ಬಾವಲಿ ಹಿಕ್ಕೆಗೆ ಯಾರಾದ್ರೂ ಹೆದರ್ತಾರಾ? ನಾವು ಅದ್ರಲ್ಲೇ ಕೂತು ಊಟ ಮಾಡಿಲ್ವಾ?” ಬಾಗಿಲ ಬಳಿ ಅವರಿಬ್ಬರೂ ನಿಂತರು. ತಿರುಗಿ ನೋಡಿದರು. ಆಗ ಮುಚ್ಚಳ ತೆಗೆದೆ. ಬಕೆಟ್ಟನ್ನು ಬೋರಲು ಹಾಕಿ ತೋರಿಸಿದೆ. ಏನೂ ಇರಲಿಲ್ಲ. ಬೆಳಗ್ಗೆ ನಾನೇ ಸೋಪು ಹಾಕಿ ತೊಳೆದಿದ್ದೆ. ರೋಗಿಗಳು ಕೂತ ಜಾಗಕ್ಕೆ ಅದನ್ನು ತರುವಷ್ಟು ದೊಡ್ಡ ಡಾಕ್ಟರು ನಾನಲ್ಲ.

ಅವರ ಮುಖ ನೋಡಿದೆ. ಕಣ್ಣು ತುಂಬಾ ನೋಡಿದೆ. ಕರವಸ್ತ್ರ ಇನ್ನೂ ಮೂಗಿನ ಮೇಲೇ ಇತ್ತು.

ಅಷ್ಟರಲ್ಲಿ ಮಗಳು ಮುಂದೆ ಬಂದಿದ್ದಳು. ಕೂಸನ್ನು ನನ್ನ ಗಂಡನ ಕೈಗೆ ಕೊಟ್ಟಿದ್ದಳು. ವೇದಿಕೆ ಹತ್ತಲಿಲ್ಲ. ಸಭೆಯ ನಡುವೆ ನಿಂತು ಕಾಗದಗಳನ್ನು ಓದಿದಳು. ತಾರೀಕು ಓದಿದಳು, ಲ್ಯಾಬಿನ ಮಾತನ್ನು ಓದಿ ಕನ್ನಡದಲ್ಲಿ ಬಿಡಿಸಿ ಹೇಳಿದಳು, ಹಸಿರು ಇಂಕಿನ ಚೀಟಿ ಓದಿದಳು. ಹಿಂದಿನ ಸಾಲಿನಿಂದ ಒಬ್ಬ ಮುದುಕ ಅಂಗಿ ಎತ್ತಿ ತನ್ನ ಹೊಲಿಗೆ ಮುಟ್ಟಿಕೊಂಡ. “ನಂದೂ ನೋಡಮ್ಮ. ನಂದು ಏನಿತ್ತು ಅಂತ ನೋಡಮ್ಮ” ಅಂದ. ಆಮೇಲೆ ಒಬ್ಬೊಬ್ಬರೇ ಎದ್ದರು. ಎಲ್ಲರೂ ತಮ್ಮ ತಮ್ಮ ಫೈಲು ಕೇಳಿದರು. ಗುಮಾಸ್ತನ ಕೋಣೆಯ ಮುಂದೆ ಸಾಲು ನಿಂತಿತು. ಅವತ್ತು ಅಲ್ಲಿ ಇಂಗ್ಲಿಷ್ ಬರುತ್ತಾ ಎಂದು ಯಾರೂ ಯಾರನ್ನೂ ಕೇಳಲಿಲ್ಲ.

ಗುರುವಾರ ಗಿಡ್ಡಿಯನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿನ ಲೇಡಿ ಡಾಕ್ಟರು ಮೊದಲು ಕೇಳಿದ್ದು, “ಏನ್ ಕೆಲಸ ಮಾಡ್ತೀರಿ?” ಆ ಒಂದು ಪ್ರಶ್ನೆಗೆ ಗಿಡ್ಡಿ ಗೊಳೋ ಎಂದು ಅತ್ತಳು. ಸೂಜಿ ಹಾಕಿದರು, ಪರೀಕ್ಷೆ ಮಾಡಿದರು. ಅದೇ ಬೂಷ್ಟು. ಆರು ತಿಂಗಳು ಮಾತ್ರೆ ನುಂಗಿದಳು. ಗಂಟು ಕುಗ್ಗಿ ಕಡಲೆಕಾಳಿನಷ್ಟಾಗಿದೆ. ಈಗ ಅವಳ ಕೂಗಿಗೆ ನಮ್ಮ ಬೀದಿಯ ನಾಯಿಗಳು ಓಡುತ್ತವೆ.

ನನ್ನನ್ನು ಕೆಲಸದಿಂದ ತೆಗೆದರು. ಕಳ್ಳತನದ ದೂರು ಕೊಟ್ಟರು. ನಾವೂ ದೂರು ಕೊಟ್ಟೆವು. ಒಟ್ಟು ಒಂಬತ್ತು ಜನ. ಕೊಯ್ಸಿಕೊಂಡ ನೂರರಲ್ಲಿ ಒಂಬತ್ತು ಜನಕ್ಕೆ ಕ್ಯಾನ್ಸರೇ ಇರಲಿಲ್ಲ. ಒಬ್ಬರಿಗೆ ಹಳೇ ಟಿಬಿಯ ಕಲೆ. ಇಬ್ಬರಿಗೆ ಹುಟ್ಟಿನಿಂದ ಸುಮ್ಮನೆ ಕೂತಿದ್ದ ಗಂಟು. ಒಬ್ಬ ಕಲ್ಲು ಕೆತ್ತುವವನಿಗೆ ಕಲ್ಲಿನ ಪುಡಿ. ಯಾರನ್ನೂ ಏನು ಕೆಲಸ ಎಂದು ಕೇಳಿರಲಿಲ್ಲ. ಎಲ್ಲರನ್ನೂ ಸೇದುತ್ತೀಯಾ ಎಂದು ಕೇಳಿದ್ದರು. ದೊಡ್ಡ ಡಾಕ್ಟರನ್ನು ವಿಚಾರಣೆ ಮುಗಿಯುವ ತನಕ ಕತ್ತಿ ಮುಟ್ಟಬಾರದೆಂದು ತಡೆದಿದ್ದಾರೆ. ಅಟ್ಟ ಖಾಲಿ ಮಾಡಲು ತಲೆಯಿಂದ ಕಾಲಿನ ತನಕ ಬಿಳಿ ಉಡುಪು ಹಾಕಿದ, ಮುಖಕ್ಕೆ ಯಂತ್ರ ಕಟ್ಟಿಕೊಂಡ ಗಂಡಸರು ಬಂದರಂತೆ. ನೀರು ಚಿಮುಕಿಸಿ ಒದ್ದೆ ಮಾಡಿ ಬಾಚಿದರಂತೆ. ಏಣಿಯ ಕೆಳಗೆ ಶಿಳ್ಳೆ ಕೈ ಕಟ್ಟಿ ನಿಂತಿದ್ದನಂತೆ, ಶಿಳ್ಳೆ ಹಾಕದೆ.

ಇಷ್ಟಕ್ಕೆ ನನ್ನ ಹೊಟ್ಟೆ ತಣ್ಣಗಾಗಲಿಲ್ಲ. ಆಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ.

ಹೋದ ತಿಂಗಳು, ಒಂದು ಮಧ್ಯಾಹ್ನ, ದೊಡ್ಡ ಡಾಕ್ಟರು ನಮ್ಮ ಮನೆಗೆ ಬಂದ. ಒಬ್ಬನೇ. ಸಾದಾ ಅಂಗಿ. ಎರಡು ದಿನಕ್ಕೆಂದು ಬಂದಿದ್ದ ಮಗಳು ಒಳಗೆ ಕೂಸಿಗೆ ಅನ್ನ ತಿನ್ನಿಸುತ್ತಿದ್ದಳು. ನಾನು ಹೊಸ್ತಿಲ ಒಳಗೆ ಗೋಡೆಗೆ ಒರಗಿ ಕೂತಿದ್ದೆ. ಒಳಗೆ ಬಂದವನು ಹಿಂದೆ ಬಾಗಿಲು ಹಾಕಿಕೊಂಡ, ಬೀದಿಯವರು ನೋಡುತ್ತಾರೆಂದು. ಕೂರಲು ಜಾಗ ಹುಡುಕಿದ. ನಾನು ತೋರಿಸಲಿಲ್ಲ. ನೆಲದ ಮೇಲೇ ಕೂತ.

“ನೀವು ದೊಡ್ಡ ಮನಸ್ಸು ಮಾಡ್ಬೇಕು” ಅಂದ. ಮೊದಲ ಸಲ ನನಗೆ ‘ನೀವು’ ಅಂದ. “ತಪ್ಪಾಗಿದೆ. ಒಪ್ಕೋತೀನಿ. ದೂರು ವಾಪಸ್ ತಗೊಂಡ್ರೆ... ನನಗೂ ಸಂಸಾರ ಇದೆ. ನನ್ ಮಗಳೂ ಮೆಡಿಕಲ್ ಓದ್ತಿದಾಳೆ. ಅವಳು ಕಾಲೇಜಲ್ಲಿ ತಲೆ ಎತ್ತಕ್ಕಾಗ್ತಿಲ್ಲ. ಕ್ಷಮಿಸಿ ಅಂತ ಕೇಳಕ್ಕೆ ಬಂದಿದೀನಿ.”

ಒಳಗಡೆ ತಟ್ಟೆಯ ಸದ್ದು ನಿಂತಿತು.

“ಎಷ್ಟನೇ ವರ್ಷ?” ಅಂದೆ.

“ಏನು?”

“ನಿನ್ ಮಗಳು. ಎಷ್ಟನೇ ವರ್ಷ ಓದ್ತಿದಾಳೆ?”

“ಕೊನೇದು. ಇನ್ನೊಂದು ಆರು ತಿಂಗಳಿದೆ.”

ನನಗೆ ನಗು ಬಂತು. ನಗು ಕೆಮ್ಮಾಯಿತು. ಎಡಗಡೆ ಒತ್ತಿ ಹಿಡಿದುಕೊಂಡು ಕೆಮ್ಮಿದೆ. ಅವನು ನೋಡಲಾರದೆ ನೆಲ ನೋಡಿದ. ಕೆಮ್ಮು ಮುಗಿಯುವ ತನಕ ಅವನನ್ನು ಹಾಗೇ ಕೂರಿಸಿದೆ.

“ನಾಳೆ ಹೋಗಿ ಅವಳ್ನ ಕಾಲೇಜಿಂದ ಬಿಡಿಸ್ಕೊಂಡ್ ಬಾ” ಅಂದೆ. “ಪರೀಕ್ಷೆ ಬರೀಲಿ ಅಂತ ಕೇಳ್ತಾಳೆ. ಬೇಡ ಅನ್ನು. ಮೊದ್ಲು ಯಾರು ಬರ್ತಾನೋ ಅವನಿಗೆ ಹನ್ನೆರಡು ದಿನದಲ್ಲಿ ಕಟ್ಟು. ಒಂಬತ್ತು ಜನರ ತಟ್ಟೆ ತೊಳೀಲಿ. ಒಂದು ಕೂಸು ಆಗ್ಲಿ. ಆಮೇಲೆ ಅವಳ್ನೂ ಕರ್ಕೊಂಡು ಇಲ್ಲಿಗ್ ಬಾ. ನನ್ ಮಗಳ ಎದುರಿಗೆ ಕೂರಿಸು. ಆಗ ನಿನ್ ಮಗಳೇ ಕ್ಷಮಿಸು ಅಂದ್ರೆ ನಾನೂ ಕ್ಷಮಿಸ್ತೀನಿ.”

“ನನ್ ಮಗಳು ಏನ್ ಮಾಡಿದಾಳೆ?” ಅವನ ಧ್ವನಿ ಸೀಳಿತು.

“ಏನೂ ಮಾಡಿಲ್ಲ.”

ಒಳಗಿನಿಂದ ಮಗಳು ಬಂದು ಅಡುಗೆಮನೆ ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು ನಿಂತಳು. ಬೆರಳಿಗೆ ಅನ್ನ ಮೆತ್ತಿತ್ತು. ಅವನು ಒಮ್ಮೆ ಅವಳನ್ನು ನೋಡಿದ, ಮತ್ತೆ ನೋಡಲಿಲ್ಲ. ಎದ್ದ. ನಮ್ಮ ಬಾಗಿಲಿನ ಚಿಲಕ ಹಳೆಯದು, ಬಾಗಿಲನ್ನು ಸ್ವಲ್ಪ ಮೇಲಕ್ಕೆತ್ತಿ ಎಳೆಯಬೇಕು. ಅವನು ಎಳೆದ, ನೂಕಿದ, ಭುಜ ಕೊಟ್ಟ. ಬರಲಿಲ್ಲ. ನಮ್ಮ ಕಡೆ ತಿರುಗಿದ.

ಮಗಳು ಅಲ್ಲಾಡಲಿಲ್ಲ. ನಾನೂ ಏಳಲಿಲ್ಲ.